ರಾತ್ರಿಯ ಫೈಂಡ್ ಬೇರೆ, ಹಗಲಿನ ಫೈಂಡ್ ಬೇರೆ

“ನೋಡ್ರಿ ಸರ, ಕೈಯಾರೆ ಓಡಿಸಿದ್ರ ಛಲೋ ಓಡ್ತೈತಿ. ರಾತ್ರಿ ಅದರಷ್ಟಕ್ಕ ಓಡಿದಾಗ ಮಾತ್ರ ಏನೂ ಮಾಡಂಗಿಲ್ಲ. ಮುಂಜಾನೆ ಎದ್ದು ನೋಡಿದ್ರ ‘ಮುಗಿಯಿತು’ ಅಂತ ಬರದಿರತೈತಿ. ಮುಗದದ್ದು ಏನು ಅಂತನ ತಿಳಿವಲ್ದು.”

ಧಾರವಾಡದ ಒಂದು ಸಣ್ಣ ಮುದ್ರಣಾಲಯದ ಮಾಲೀಕರು ಫೋನಿನಲ್ಲಿ ಹೇಳಿದ ಮಾತಿದು. ಆಮೇಲೆ ಗೊತ್ತಾಯಿತು, ಇಡೀ ಪ್ರಕರಣ ಈ ನಾಲ್ಕು ವಾಕ್ಯಗಳಲ್ಲೇ ಇತ್ತು. ನಾನು ಮಾತ್ರ ಅದನ್ನು ಸರಿಯಾಗಿ ಕೇಳಿಸಿಕೊಳ್ಳದೆ ಒಂದು ಮಧ್ಯಾಹ್ನ ಹಾಳು ಮಾಡಿಕೊಂಡೆ.

ಅವರಲ್ಲಿ ಹಳೆಯ ಮಾಸಪತ್ರಿಕೆಯೊಂದರ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಡುವ ಕೆಲಸ ನಡೆದಿತ್ತು. ಫೈಲುಗಳಿಗೆಲ್ಲ ಕನ್ನಡದ್ದೇ ಹೆಸರು: ತಿಂಗಳು, ವರ್ಷ, ಪುಟದ ಸಂಖ್ಯೆ. ಮೂಲೆಯಲ್ಲಿದ್ದ ಹಳೆಯ ಲಿನಕ್ಸ್ ಕಂಪ್ಯೂಟರ್ ಪ್ರತಿ ರಾತ್ರಿ ಆ ದಿನದ ಹೊಸ ಫೈಲುಗಳನ್ನು ಹುಡುಕಿ, ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ನೋಡಲು ಅನುಕೂಲವಾಗಲೆಂದು ಪ್ರತಿಯೊಂದರ ಚಿಕ್ಕ ಚಿತ್ರವನ್ನೂ ತಯಾರಿಸುತ್ತಿತ್ತು. ನಲವತ್ತು ಸಾಲಿನ ಶೆಲ್ ಸ್ಕ್ರಿಪ್ಟ್, ಅಂದರೆ ಒಂದರ ಕೆಳಗೊಂದು ಬರೆದಿಟ್ಟ ಆದೇಶಗಳ ಪಟ್ಟಿ, ಅಷ್ಟೇ. ಒಂದು ದಿನ ಆ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ಡಿಟಿಪಿ ಕೆಲಸವೆಲ್ಲ ವಿಂಡೋಸಿನಲ್ಲೇ ನಡೆಯುವುದರಿಂದ, ಗುರುತಿನ ಹುಡುಗನೊಬ್ಬ ಸ್ಕ್ರಿಪ್ಟನ್ನು ವಿಂಡೋಸ್ 10 ಇದ್ದ ಒಂದು ಕಂಪ್ಯೂಟರಿಗೆ ತಂದು, ಸಿಗ್ವಿನ್ ಹಾಕಿ, ಟಾಸ್ಕ್ ಶೆಡ್ಯೂಲರಿನಲ್ಲಿ ರಾತ್ರಿ ಎರಡು ಗಂಟೆಗೆ ಓಡುವಂತೆ ಮಾಡಿ ಹೋಗಿದ್ದ. ಮೂರು ವಾರ ಕಳೆದ ಮೇಲೆ ಯಾರೋ ಹಳೆಯ ಸಂಚಿಕೆಯೊಂದನ್ನು ಕೇಳಿದಾಗ, ಎರಡನೆಯ ಡಿಸ್ಕಿನಲ್ಲಿ ಅದು ಇಲ್ಲವೆಂದು ಗೊತ್ತಾಯಿತು.

ಸಿಗ್ವಿನ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. 1995ರಲ್ಲಿ ಸಿಗ್ನಸ್ ಸಲ್ಯೂಷನ್ಸ್ ಎಂಬ ಕಂಪನಿಯಲ್ಲಿ ಹುಟ್ಟಿದ್ದು. ಯೂನಿಕ್ಸ್ ಪ್ರೋಗ್ರಾಮುಗಳು ಆಪರೇಟಿಂಗ್ ಸಿಸ್ಟಮ್ಮಿನಿಂದ ಏನೇನು ಬಯಸುತ್ತವೋ ಅದನ್ನೆಲ್ಲ ಒಂದು ಡಿಎಲ್‌ಎಲ್ ಫೈಲು (ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡಿನ ಕಟ್ಟು) ವಿಂಡೋಸಿನ ಮೇಲೆ ಒದಗಿಸುತ್ತದೆ. ಆ ಡಿಎಲ್‌ಎಲ್ ಜೊತೆ ಸೇರಿಸಿ ಮತ್ತೆ ಕಂಪೈಲ್ ಮಾಡಿದ, ಸ್ಕ್ರಿಪ್ಟ್ ಓಡಿಸುವ ಬ್ಯಾಶ್, ಫೈಂಡ್, ಸಾರ್ಟ್, ಫೈಲು ನಕಲು ಮಾಡುವ ಆರ್‌ಸಿಂಕ್ ಎಲ್ಲವೂ ಸಾಮಾನ್ಯ ವಿಂಡೋಸ್ ಪ್ರೋಗ್ರಾಮುಗಳಂತೆಯೇ ಓಡುತ್ತವೆ. ‘ಸಾಮಾನ್ಯ ವಿಂಡೋಸ್ ಪ್ರೋಗ್ರಾಮುಗಳಂತೆಯೇ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಒಳಗೆ ಬೇರೆ ಲೋಕವೇನೂ ಇಲ್ಲ. ಎಲ್ಲರೂ ಒಂದೇ ಓಣಿಯಲ್ಲಿ ಇರುವವರು, ಒಂದೇ ಹೆಸರಿನವರೂ ಅಲ್ಲಿ ಬೇಕಾದಷ್ಟು ಜನ.

ಹಾಳಾದ ಮಧ್ಯಾಹ್ನ

ನಾನು ಹೋದ ದಿನ ಡಿಟಿಪಿ ಮಾಡುವ ಅಕ್ಕೋರು “ಒಮ್ಮೆ ಫೋರ್ಕ್ ಅಂತ ಏನೋ ಕೆಂಪಗ ಬಂದಿತ್ರಿ” ಅಂದರು. ಸಾಕು, ನನ್ನ ತಲೆ ಅಲ್ಲಿಗೇ ಓಡಿತು. ಸಿಗ್ವಿನ್ ಬಳಸಿದ ಹಳಬರಿಗೆ ಫೋರ್ಕ್ ಎಂದರೆ ಹಳೆಯ ಹಲ್ಲುನೋವು. ಯೂನಿಕ್ಸಿನಲ್ಲಿ ಓಡುತ್ತಿರುವ ಪ್ರೋಗ್ರಾಂ ಮೊದಲು ತನ್ನದೇ ಪಡಿಯಚ್ಚು ತೆಗೆದುಕೊಳ್ಳುತ್ತದೆ, ಆಮೇಲೆ ಆ ಪಡಿಯಚ್ಚು ಬೇರೆ ವೇಷ ಹಾಕುತ್ತದೆ. ವಿಂಡೋಸ್ ತನ್ನ ಪ್ರೋಗ್ರಾಮುಗಳಿಗೆ ಇಂಥ ಸೌಲಭ್ಯ ಕೊಟ್ಟಿಲ್ಲ. ಹಾಗಾಗಿ ಸಿಗ್ವಿನ್ ಹೊಸ ಪ್ರೋಸೆಸ್ಸೊಂದನ್ನು ಎಬ್ಬಿಸಿ, ತಾಯಿಯ ಮೆಮೊರಿಯಲ್ಲಿ ಇರುವುದನ್ನೆಲ್ಲ ಅದಕ್ಕೆ ಕೈಯಾರೆ ನಕಲು ಮಾಡಬೇಕು. ಡಿಎಲ್‌ಎಲ್‌ಗಳು ತಾಯಿಯಲ್ಲಿ ಕುಳಿತ ವಿಳಾಸದಲ್ಲೇ ಮಗುವಿನಲ್ಲೂ ಕೂರಬೇಕು. ಆಂಟಿವೈರಸ್ಸಿನಂಥ ಯಾವುದೋ ಸಾಫ್ಟ್‌ವೇರ್ ತನ್ನ ಡಿಎಲ್‌ಎಲ್ ನುಗ್ಗಿಸಿ ಆ ಜಾಗ ಹಿಡಿದರೆ ಫೋರ್ಕ್ ಮುರಿದು ಬೀಳುತ್ತದೆ. ಅದಕ್ಕೆ ರಿಬೇಸ್ ಎಂಬ ಮದ್ದಿದೆ: ಪ್ರತಿಯೊಂದು ಡಿಎಲ್‌ಎಲ್‌ಗೂ ತನ್ನದೇ ವಿಳಾಸ ಗೊತ್ತುಮಾಡಿ ಕೊಡುವುದು.

ಸಿಗ್ವಿನ್ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿ ರಿಬೇಸ್ ಮಾಡಿದೆ. ಆಂಟಿವೈರಸ್ಸಿಗೆ ಸಿಗ್ವಿನ್ ಫೋಲ್ಡರನ್ನು ಬಿಟ್ಟುಬಿಡಲು ಹೇಳಿದೆ. ಎರಡು ಸಲ ರೀಸ್ಟಾರ್ಟ್ ಮಾಡಿದೆ. ರಾತ್ರಿ ಮತ್ತೆ ‘ಮುಗಿಯಿತು’, ಮತ್ತೆ ಒಂದೂ ಫೈಲಿಲ್ಲ. 32 ಬಿಟ್ಟಿನ ಇಕ್ಕಟ್ಟಾದ ವಿಳಾಸಗಳ ಕಾಲದಲ್ಲಿ ದಿನಬೆಳಗಾದರೆ ಕಾಡುತ್ತಿದ್ದ ರೋಗ 64 ಬಿಟ್ಟಿನಲ್ಲಿ ಅಪರೂಪ ಎಂಬುದು ನನಗೆ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಫೋರ್ಕ್ ಬಿದ್ದರೆ ಒಮ್ಮೆ ಬೀಳುತ್ತದೆ, ಒಮ್ಮೆ ಏಳುತ್ತದೆ. ಇದು ಹಗಲು ತಪ್ಪದೆ ಓಡುತ್ತಿತ್ತು, ರಾತ್ರಿ ತಪ್ಪದೆ ಕೈಕೊಡುತ್ತಿತ್ತು. ಇಷ್ಟು ಶಿಸ್ತಿನ ದೋಷಕ್ಕೆ ಮೆಮೊರಿಯ ಅದೃಷ್ಟ ಕಾರಣವಾಗುವುದಿಲ್ಲ.

ಒಂದೇ ಹೆಸರಿನ ಎರಡು ಫೋಲ್ಡರು

ಮರುದಿನ ಹಗಲು ನನ್ನೆದುರೇ ಓಡಿಸಿ ತೋರಿಸಲು ಹೇಳಿದೆ. ಓಡಿತು. ಅಕ್ಕೋರು ಎಕ್ಸ್‌ಪ್ಲೋರರಿನಲ್ಲಿ ಡಿಸ್ಕ್ ತೆರೆದು, “ಇಲ್ಲಿ ನೋಡ್ರಿ, ಇದೊಂದು ಬ್ಯಾರೆ ಗಮ್ಮತ್ತೈತಿ” ಎಂದು ತೋರಿಸಿದರು. ‘ಪ್ರತಿ’ ಎಂಬ ಹೆಸರಿನ ಫೋಲ್ಡರುಗಳು ಎರಡು. ಒಂದರಲ್ಲಿ ಹಳೆಯ ಫೈಲುಗಳಷ್ಟೇ, ಇನ್ನೊಂದರಲ್ಲಿ ಹಗಲು ನಕಲಾದ ಹೊಸವು. ಮಾಲೀಕರಿಗೆ ವೈರಸ್ಸಿನ ಅನುಮಾನ. “ಒಂದ ಹೆಸರಿನವು ಎರಡು ಹೆಂಗ ಇರ್ತಾವ್ರಿ ವಿಂಡೋಸ್‌ನ್ಯಾಗ?”

ಇರಲು ಸಾಧ್ಯವಿಲ್ಲ. ಕಣ್ಣಿಟ್ಟು ನೋಡಿದರೆ ಎರಡನೆಯದರ ಬಾಲದಲ್ಲಿ ಸಣ್ಣದೊಂದು ಗುರುತು ಕಂಡಿತು, ಮಾನಿಟರಿನ ಮೇಲೆ ಕೂತ ಧೂಳಿನ ಕಣದಂಥದ್ದು. ಬ್ಯಾಶಿನಲ್ಲಿ, ಹೆಸರಿನ ಕಾಣದ ಅಕ್ಷರಗಳನ್ನೂ ತೋರಿಸುವ ‘ಎಲ್‌ಎಸ್ -ಬಿ’ ಓಡಿಸಿದಾಗ ಗುಟ್ಟು ಬಯಲಾಯಿತು. ಹೆಸರಿನ ಕೊನೆಯಲ್ಲಿ ಕ್ಯಾರೇಜ್ ರಿಟರ್ನ್ ಎಂಬ ಕಾಣದ ಅಕ್ಷರ, 13ನೇ ಸಂಖ್ಯೆಯದು, ಅಂಟಿಕೊಂಡಿತ್ತು.

ಸಾಲು ಮುಗಿಯಿತೆಂದು ಹೇಳಲು ಯೂನಿಕ್ಸಿಗೆ 10ನೇ ಅಕ್ಷರವೊಂದೇ ಸಾಕು. ವಿಂಡೋಸ್ ಟೆಲಿಪ್ರಿಂಟರ್ ಕಾಲದ ಪದ್ಧತಿಯಂತೆ 13 ಮತ್ತು 10 ಎರಡನ್ನೂ ಬರೆಯುತ್ತದೆ: ಒಂದು ಅಚ್ಚಿನ ತಲೆಯನ್ನು ಎಡಕ್ಕೆ ತರಲು, ಇನ್ನೊಂದು ಕಾಗದವನ್ನು ಮೇಲೆ ಸರಿಸಲು. ಇಲ್ಲಿ ಸ್ಕ್ರಿಪ್ಟ್ ಸರಿಯಾಗಿಯೇ ಇತ್ತು. ಅದರ ಸಾಲುಗಳಲ್ಲೇ 13 ಸೇರಿದ್ದರೆ ಬ್ಯಾಶ್ ಮೊದಲ ಲೂಪಿನಲ್ಲೇ ಚೀರಿಕೊಂಡು ನಿಲ್ಲುತ್ತಿತ್ತು, ನಮಗೂ ಬೇಗ ತಿಳಿಯುತ್ತಿತ್ತು. ಆದರೆ ಎಲ್ಲಿಗೆ ನಕಲು ಮಾಡಬೇಕೆಂಬುದನ್ನು ಸ್ಕ್ರಿಪ್ಟ್ ಒಂದೇ ಸಾಲಿನ ಇನ್ನೊಂದು ಫೈಲಿನಿಂದ ಓದುತ್ತಿತ್ತು. ಡಿಸ್ಕಿನ ಅಕ್ಷರ ಬದಲಾದಾಗ ಅಕ್ಕೋರು ನೋಟ್‌ಪ್ಯಾಡಿನಲ್ಲಿ ಆ ಫೈಲನ್ನು ಹೊಸದಾಗಿ ಬರೆದಿದ್ದರು. ಫೈಲನ್ನು ಓದುವಾಗ ಬ್ಯಾಶ್ ಕೊನೆಯ 10ನ್ನು ಕಿತ್ತು ಬಿಸಾಡುತ್ತದೆ, 13ನ್ನು ಮುಟ್ಟುವುದಿಲ್ಲ. ಅದು ಹೆಸರಿನ ಭಾಗವಾಗಿಬಿಟ್ಟಿತು.

ವಿಂಡೋಸ್ ಪ್ರೋಗ್ರಾಮುಗಳಿಗೆ ಫೈಲಿನ ಹೆಸರಿನಲ್ಲಿ ಇಂಥ ಅಕ್ಷರ ನಿಷಿದ್ಧ. ಸಿಗ್ವಿನ್ ಉದಾರಿ. ಯೂನಿಕ್ಸಿನಲ್ಲಿ ನಡೆಯುವುದು ಇಲ್ಲಿಯೂ ನಡೆಯಲಿ ಎಂದು ಆ ಅಕ್ಷರವನ್ನು ಯೂನಿಕೋಡಿನ ಖಾಸಗಿ ವಲಯದ ಇನ್ನೊಂದು ಅಕ್ಷರವಾಗಿ ವೇಷ ಬದಲಿಸಿ ಡಿಸ್ಕಿಗೆ ಬರೆಯುತ್ತದೆ, ಓದುವಾಗ ವೇಷ ಕಳಚುತ್ತದೆ. ಎಕ್ಸ್‌ಪ್ಲೋರರಿಗೆ ಕಂಡ ಧೂಳಿನ ಕಣ ಆ ವೇಷ.

ಸಿಗ್ವಿನ್ನಿನ ಬ್ಯಾಶಿನಲ್ಲಿ ಸ್ಕ್ರಿಪ್ಟಿನೊಳಗಿನ ಈ 13ನ್ನು ಕಡೆಗಣಿಸಲು ಒಂದು ಸೆಟ್ಟಿಂಗ್ ಇದೆ. ನನಗೆ ಅದು ಇಷ್ಟವಿಲ್ಲ. ಮನೆಗೆ ಇಲಿ ಬಂದರೆ ದೀಪ ಆರಿಸಿದಂತೆ. ಓದಿದ ಸಾಲಿನಿಂದ 13ನ್ನು ಅಲ್ಲೇ ಕಿತ್ತುಹಾಕುವ ಚಿಕ್ಕ ಆದೇಶವೊಂದನ್ನು ಸ್ಕ್ರಿಪ್ಟಿಗೆ ಸೇರಿಸಿದೆ. ಅಕ್ಕೋರು ನೋಟ್‌ಪ್ಯಾಡನ್ನೇ ಬಳಸಲಿ, ಅದು ಅವರ ತಪ್ಪಲ್ಲ.

ಹಗಲಿನ ಗೊಂದಲ ಬಗೆಹರಿಯಿತು. ರಾತ್ರಿಯದು ಹಾಗೇ ಉಳಿಯಿತು.

ಫೈಂಡ್ ಯಾರು?

ಇಷ್ಟು ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಸ್ಕ್ರಿಪ್ಟನ್ನು ಮತ್ತೆ ಮತ್ತೆ ಓದುವುದನ್ನು ಬಿಟ್ಟು, ಬೇರೊಂದು ಸ್ಕ್ರಿಪ್ಟ್ ಬರೆದೆ. ಅದರ ಕೆಲಸ ಇಷ್ಟೇ: ತಾನು ಯಾರ ಹೆಸರಿನಲ್ಲಿ ಓಡುತ್ತಿದ್ದೇನೆ, ಯಾವ ಫೋಲ್ಡರಿನಲ್ಲಿ ನಿಂತಿದ್ದೇನೆ, ಎನ್ವಿರಾನ್‌ಮೆಂಟಿನಲ್ಲಿ ಏನೇನಿದೆ, ‘ಟೈಪ್ -ಎ ಫೈಂಡ್’ ಎಂದರೆ ಯಾರು ಓಗೊಡುತ್ತಾರೆ, ಇದನ್ನೆಲ್ಲ ಒಂದು ಫೈಲಿಗೆ ಬರೆಯುವುದು. ಒಮ್ಮೆ ಸಿಗ್ವಿನ್ ಟರ್ಮಿನಲ್ಲಿನಿಂದ ಓಡಿಸಿದೆ, ಒಮ್ಮೆ ಟಾಸ್ಕ್ ಶೆಡ್ಯೂಲರಿನಿಂದ. ಎರಡನ್ನೂ ‘ಡಿಫ್’ಗೆ ಕೊಟ್ಟೆ.

ಆದೇಶದ ಹೆಸರು ಹೇಳಿದಾಗ ಅದನ್ನು ಯಾವ ಫೋಲ್ಡರುಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂದು ತಿಳಿಸುವ ಪಾತ್ ಎಂಬ ವೇರಿಯಬಲ್ಲಿನಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಹಗಲಿನಲ್ಲಿ ಸಿಗ್ವಿನ್ನಿನ ‘ಯುಎಸ್‌ಆರ್/ಬಿನ್’ ಮೊದಲು, ವಿಂಡೋಸಿನ ‘ಸಿಸ್ಟಮ್32’ ಆಮೇಲೆ. ರಾತ್ರಿ ‘ಸಿಸ್ಟಮ್32’ ಮೊದಲು, ಸಿಗ್ವಿನ್ ಕಟ್ಟಕಡೆಗೆ. ಹಗಲು ‘ಫೈಂಡ್’ ಎಂದಾಗ ಬಂದವನು ಯೂನಿಕ್ಸಿನ ಫೈಂಡ್, ಫೈಲುಗಳನ್ನು ಹುಡುಕುವವನು. ರಾತ್ರಿ ಬಂದವನು ವಿಂಡೋಸಿನ ಫೈಂಡ್. ಅವನು ಹುಡುಕುವುದು ಫೈಲಿನೊಳಗಿನ ಪದಗಳನ್ನು.

ಈ ನಾಮಸಾಮ್ಯ ಆಕಸ್ಮಿಕವಲ್ಲ. 1983ರ ಎಂಎಸ್-ಡಾಸ್ 2.0 ಯೂನಿಕ್ಸಿನಿಂದ, ಒಂದು ಪ್ರೋಗ್ರಾಮಿನ ಫಲಿತವನ್ನು ಇನ್ನೊಂದಕ್ಕೆ ಹರಿಸುವ ಪೈಪು ಎಂಬ ಕಲ್ಪನೆಯನ್ನು ಎರವಲು ತಂದಿತು, ಅದರ ಜೊತೆ ಫೈಂಡ್, ಸಾರ್ಟ್, ಮೋರ್ ಎಂಬ ಮೂರು ಫಿಲ್ಟರುಗಳನ್ನೂ ಕೊಟ್ಟಿತು. ಹೆಸರು ಪರಿಚಿತ, ಕೆಲಸ ಬೇರೆ, ಆಯ್ಕೆಗಳನ್ನು ಬರೆಯುವ ರೀತಿಯೂ ಬೇರೆ. ಫೋಲ್ಡರುಗಳ ನಡುವೆ ಹಿಂದಕ್ಕೆ ಬಾಗಿದ ಗೆರೆ ಬಂದದ್ದೂ ಆಗಲೇ, ಮುಂದಕ್ಕೆ ಬಾಗಿದ ಗೆರೆಯನ್ನು ಡಾಸ್ ಅಷ್ಟರಲ್ಲಾಗಲೇ ಆಯ್ಕೆಗಳ ಗುರುತಾಗಿ ಬಳಸುತ್ತಿತ್ತಲ್ಲ. ನಲವತ್ತು ವರ್ಷ ಕಳೆದರೂ ಆ ಫೈಂಡ್ ಮತ್ತು ಸಾರ್ಟ್ ‘ಸಿಸ್ಟಮ್32’ರಲ್ಲಿ ಮನೆ ಮಾಡಿಕೊಂಡೇ ಇದ್ದಾವೆ.

ಇನ್ನು ರಾತ್ರಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಸ್ಕ್ರಿಪ್ಟ್ ಫೈಂಡನ್ನು ಕರೆದು, ಇಂಥ ಫೋಲ್ಡರಿನಲ್ಲಿ ಒಂದು ದಿನದೊಳಗೆ ಬದಲಾದ ಫೈಲುಗಳನ್ನು ಕೊಡು ಎಂದಿತು. ವಿಂಡೋಸಿನ ಫೈಂಡಿಗೆ ಒಂದಕ್ಷರವೂ ಅರ್ಥವಾಗದೆ ‘ಪ್ಯಾರಾಮೀಟರಿನ ಸ್ವರೂಪ ಸರಿಯಿಲ್ಲ’ ಎಂದು ಬೈದುಕೊಂಡು ಹೊರಟುಹೋಯಿತು. ಆ ಬೈಗುಳವನ್ನು ಸ್ಕ್ರಿಪ್ಟಿನ ಮೂಲ ಲೇಖಕ ‘ಡೆವ್/ನಲ್’ ಎಂಬ, ಹಾಕಿದ್ದೆಲ್ಲ ಮಾಯವಾಗುವ ಬಾವಿಗೆ ಕಳಿಸಿದ್ದ. ಲಿನಕ್ಸಿನಲ್ಲಿ ಯಾವುದೋ ಬೀಗ ಹಾಕಿದ ಫೋಲ್ಡರಿನ ಕಿರಿಕಿರಿ ಬೇಡವೆಂದು ಹಾಗೆ ಮಾಡಿರಬೇಕು. ಪೈಪಿನ ಇನ್ನೊಂದು ತುದಿಯಲ್ಲಿ ಕಾಯುತ್ತಿದ್ದ ಸಾರ್ಟ್‌ಗೆ ಬಂದದ್ದು ಖಾಲಿ. ಆ ಸಾರ್ಟ್ ಕೂಡ ವಿಂಡೋಸಿನವನೇ. ಖಾಲಿಯನ್ನು ಅಚ್ಚುಕಟ್ಟಾಗಿ ವಿಂಗಡಿಸಿ ಖಾಲಿಯನ್ನೇ ಕೊಟ್ಟ. ಲೂಪು ಸೊನ್ನೆ ಸಲ ತಿರುಗಿತು. ಕೊನೆಯ ಸಾಲು ‘ಮುಗಿಯಿತು’ ಎಂದು ಬರೆಯಿತು. ಪೈಪಿನಲ್ಲಿ ಕೊನೆಯವನು ಯಶಸ್ವಿಯಾದರೆ ಇಡೀ ಸಾಲೇ ಯಶಸ್ವಿ ಎಂಬುದು ಬ್ಯಾಶಿನ ಸಹಜ ಲೆಕ್ಕ. ಹಾಗಾಗಿ ಟಾಸ್ಕ್ ಶೆಡ್ಯೂಲರಿನ ಕಣ್ಣಿಗೂ ಎಲ್ಲ ಸುಸೂತ್ರ.

ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಅದೇ ತಾಪತ್ರಯ.

ಪಾತ್ ಹಾಗಾದದ್ದು ಹೇಗೆ? ಸಿಗ್ವಿನ್ ಟರ್ಮಿನಲ್ ತೆರೆದಾಗ ಬ್ಯಾಶ್ ‘ಲಾಗಿನ್ ಶೆಲ್’ ಆಗಿ ಏಳುತ್ತದೆ, ಪ್ರೊಫೈಲ್ ಫೈಲನ್ನು ಓದುತ್ತದೆ, ಆ ಫೈಲು ಸಿಗ್ವಿನ್ನಿನ ಫೋಲ್ಡರುಗಳನ್ನು ಪಾತಿನ ತಲೆಗೆ ಸೇರಿಸುತ್ತದೆ. ಶೆಡ್ಯೂಲರಿನಲ್ಲಿ ಹುಡುಗ ಬ್ಯಾಶಿಗೆ ಸ್ಕ್ರಿಪ್ಟಿನ ಹೆಸರನ್ನಷ್ಟೇ ಕೊಟ್ಟಿದ್ದ. ಲಾಗಿನ್ ಇಲ್ಲ, ಪ್ರೊಫೈಲ್ ಇಲ್ಲ, ವಿಂಡೋಸಿನ ಪಾತ್ ಇದ್ದ ಹಾಗೇ ಬಂದಿತ್ತು. ಅದೊಂದೇ ಆಗಿದ್ದರೆ ‘ಆರ್‌ಸಿಂಕ್ ಸಿಗಲಿಲ್ಲ’ ಎಂಬ ದೂರು ಮೊದಲ ರಾತ್ರಿಯೇ ಬರುತ್ತಿತ್ತು. ಬಂದಿತ್ತು ಕೂಡ. ಅದಕ್ಕೇ ಅವನು ಸಿಗ್ವಿನ್ನಿನ ಬಿನ್ ಫೋಲ್ಡರನ್ನು ವಿಂಡೋಸಿನ ಪಾತಿನ ಬಾಲಕ್ಕೆ ಸೇರಿಸಿದ್ದ. ಆರ್‌ಸಿಂಕ್ ಸಿಕ್ಕಿತು. ವಿಂಡೋಸಿನಲ್ಲಿ ಅದರ ಹೆಸರಿನವರು ಬೇರೆ ಯಾರೂ ಇಲ್ಲ. ಫೈಂಡ್, ಸಾರ್ಟ್ ಮಾತ್ರ ಸದ್ದಿಲ್ಲದೆ ಅದಲುಬದಲಾದವು.

ಹಾಗಾದರೆ ವಿಂಡೋಸಿನ ಪಾತಿನಲ್ಲಿ ಸಿಗ್ವಿನ್ನನ್ನೇ ತಲೆಗೆ ಹಾಕಿದರಾಯಿತಲ್ಲ ಎನ್ನಬಹುದು. ಬೇಡ. ವಿಂಡೋಸಿನ ಫೈಂಡನ್ನೇ ನಂಬಿದ ಹಳೆಯ ಬ್ಯಾಚ್ ಫೈಲುಗಳು ಆಗ ಬೀಳುತ್ತವೆ. ವಿಷುವಲ್ ಸಿ++ ಬಳಸುವವರಿಗೆ ‘ಲಿಂಕ್’ ಎಂಬ ಇಬ್ಬರು ಮಾಡುವ ರಾದ್ಧಾಂತ ಗೊತ್ತಿರುತ್ತದೆ. 2018ರಿಂದ ಟಾರ್ ಮತ್ತು ಕರ್ಲ್ ಕೂಡ ವಿಂಡೋಸ್ 10ರ ಜೊತೆಗೇ ಬರತೊಡಗಿ ಈ ಪಟ್ಟಿ ಇನ್ನಷ್ಟು ಬೆಳೆದಿದೆ. ಬ್ಯಾಶ್ ಎಂಬ ಹೆಸರಿನಲ್ಲೇ ಮೂವರು ಸಿಗಬಹುದು: ಸಿಗ್ವಿನ್ನಿನದು, ಗಿಟ್ ಜೊತೆ ಬರುವುದು, ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್‌ನದು. ಯಾರೆಂದು ತಿಳಿಯದಿದ್ದರೆ ಸಿ ಡ್ರೈವಿಗೆ ಹೋಗಿ ‘ಪಿಡಬ್ಲ್ಯೂಡಿ’ (ಈಗ ಯಾವ ಫೋಲ್ಡರಿನಲ್ಲಿದ್ದೇನೆ) ಎಂದು ಕೇಳಿ. ‘ಸಿಗ್‌ಡ್ರೈವ್/ಸಿ’ ಎಂದರೆ ಸಿಗ್ವಿನ್, ಬರೀ ‘/ಸಿ’ ಎಂದರೆ ಗಿಟ್, ‘ಎಂಎನ್‌ಟಿ/ಸಿ’ ಎಂದರೆ ಡಬ್ಲ್ಯೂಎಸ್‌ಎಲ್. ಮಾತು ಕೇಳಿ ಊರು ಹೇಳಿದಂತೆ.

ಪಾತಿನ ಬಾಲದಿಂದ ಸಿಗ್ವಿನ್ನನ್ನು ತೆಗೆದೆ. ಸ್ಕ್ರಿಪ್ಟಿನ ಎರಡನೆಯ ಸಾಲಿನಲ್ಲೇ ಪಾತನ್ನು ಸ್ಪಷ್ಟವಾಗಿ ಬರೆದೆ. ಬ್ಯಾಶನ್ನು ಲಾಗಿನ್ ಶೆಲ್ಲಾಗಿ ಓಡಿಸುವ ದಾರಿಯೂ ಇತ್ತು, ಆದರೆ ಹಾಗೆ ಎದ್ದ ಸಿಗ್ವಿನ್ ಬ್ಯಾಶ್ ಮೊದಲು ತನ್ನ ಹೋಂ ಫೋಲ್ಡರಿಗೆ ಹೋಗಿ ನಿಲ್ಲುತ್ತದೆ, ಅರ್ಧಂಬರ್ಧ ಬರೆದ ವಿಳಾಸಗಳೆಲ್ಲ ದಿಕ್ಕುತಪ್ಪುತ್ತವೆ. ‘ಡೆವ್/ನಲ್’ ತೆಗೆದೆ. ಪೈಪಿನಲ್ಲಿ ಯಾರು ಬಿದ್ದರೂ ಬಿದ್ದಂತೆಯೇ ಎಣಿಸುವ ‘ಪೈಪ್‌ಫೇಲ್’ ಸೆಟ್ಟಿಂಗ್ ಹಾಕಿದೆ.

ಮರುದಿನ ಬೆಳಿಗ್ಗೆ ಆ ದಿನದ ಫೈಲುಗಳೆಲ್ಲ ಡಿಸ್ಕಿನಲ್ಲಿದ್ದವು. ಮಾಲೀಕರು ಚಹಾ ತರಿಸಿದರು. ಚಹಾ ಆರುವ ಮುಂಚೆಯೇ ಹೊಳೆಯಿತು: ಕಳೆದ ಮೂರು ವಾರದ ಫೈಲುಗಳು? ಸ್ಕ್ರಿಪ್ಟ್ ಕೇಳುವುದು ಒಂದು ದಿನದೊಳಗಿನವನ್ನು ಮಾತ್ರ. ತಪ್ಪಿಹೋದವು ಇನ್ನೆಂದೂ ಅದರ ಕಣ್ಣಿಗೆ ಬೀಳುವುದಿಲ್ಲ. ದುರಸ್ತಿಯಾದ ಸ್ಕ್ರಿಪ್ಟ್ ಆ ಮೂರು ವಾರದ ಹೊಂಡವನ್ನು ಶಾಶ್ವತವಾಗಿ ಉಳಿಸಿಬಿಡುತ್ತಿತ್ತು. ತಾರೀಖಿನ ಲೆಕ್ಕವನ್ನೇ ಕೈಬಿಟ್ಟು, ಎರಡೂ ಫೋಲ್ಡರುಗಳನ್ನು ಪೂರ್ತಿ ಹೋಲಿಸಿ ಇಲ್ಲದ್ದನ್ನು ತುಂಬುವ ಕೆಲಸವನ್ನು ಆರ್‌ಸಿಂಕಿಗೇ ಒಪ್ಪಿಸಿದೆ. ಅದು ಹುಟ್ಟಿದ್ದೇ ಅದಕ್ಕೆ.

ಪ್ರಶ್ನಾರ್ಥಕ ಚಿಹ್ನೆಗಳು

ಚಿಕ್ಕ ಚಿತ್ರಗಳು ಮಾತ್ರ ತಯಾರಾಗಿರಲಿಲ್ಲ. ಈಗ ‘ಡೆವ್/ನಲ್’ ಇಲ್ಲದ್ದರಿಂದ ದೂರು ಲಾಗಿನಲ್ಲಿ ಕಾಣುತ್ತಿತ್ತು: ‘????_1987’ ಎಂಬ ಫೈಲು ತೆರೆಯಲಾಗುತ್ತಿಲ್ಲ. ಇಂಗ್ಲಿಷ್ ಹೆಸರಿನ ಒಂದೆರಡು ಫೈಲುಗಳ ಚಿತ್ರ ಮಾತ್ರ ಬಂದಿತ್ತು.

ಲಿನಕ್ಸಿನಲ್ಲಿ ಈ ಕೆಲಸವನ್ನು ಇಮೇಜ್‌ಮ್ಯಾಜಿಕ್ಕಿನ ‘ಕನ್ವರ್ಟ್’ ಮಾಡುತ್ತಿತ್ತು. ವಿಂಡೋಸಿನಲ್ಲೂ ಒಬ್ಬ ಕನ್ವರ್ಟ್ ಇದ್ದಾನೆ. ಅವನು ಚಿತ್ರಗಳ ತಂಟೆಗೆ ಹೋಗುವವನಲ್ಲ, ಫ್ಯಾಟ್ ಮಾದರಿಯ ಡಿಸ್ಕನ್ನು ಎನ್‌ಟಿಎಫ್‌ಎಸ್ ಮಾಡುವವನು. ಅವನ ಬೈಗುಳ ಕೇಳಿ ಬೇಸತ್ತ ಹುಡುಗ, ಆ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಯಾವುದೋ ಹಳೆಯ ವಿಂಡೋಸ್ ಪ್ರೋಗ್ರಾಮನ್ನು ಸ್ಕ್ರಿಪ್ಟಿಗೆ ಜೋಡಿಸಿದ್ದ. ಆ ಪ್ರೋಗ್ರಾಮಿಗೆ ಯೂನಿಕೋಡ್ ತಿಳಿಯದು. ವಿಂಡೋಸ್ ಒಳಗೊಳಗೆ ಹೆಸರುಗಳನ್ನು ಯೂನಿಕೋಡಿನಲ್ಲೇ ಇಡುತ್ತದೆ, ಆದರೆ ಹಳೆಯ ಪ್ರೋಗ್ರಾಮುಗಳಿಗೆ ಕೊಡುವಾಗ ಆ ಕಂಪ್ಯೂಟರಿನ ‘ಕೋಡ್ ಪೇಜ್’ಗೆ ಇಳಿಸಿ ಕೊಡುತ್ತದೆ. ಅಲ್ಲಿದ್ದದ್ದು 1252, ಪಶ್ಚಿಮ ಯುರೋಪಿನ ಅಕ್ಷರಗಳ ಪುಟ. ಅದರಲ್ಲಿ ಇಲ್ಲದ ಪ್ರತಿಯೊಂದು ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ. ಗ್ರೀಕ್, ರಷ್ಯನ್, ಥಾಯ್ ಭಾಷೆಗಳಿಗೆ ಇಂಥ ತಮ್ಮದೇ ಪುಟಗಳುಂಟು. ಕನ್ನಡವನ್ನು ವಿಂಡೋಸ್ ಯೂನಿಕೋಡಿನ ಮೂಲಕವಷ್ಟೇ ಬಲ್ಲದು, ಹಾಗಾಗಿ ಪ್ರದೇಶದ ಸೆಟ್ಟಿಂಗ್ ಬದಲಿಸಿ ಪಾರಾಗುವ ದಾರಿ ನಮಗಿಲ್ಲ.

ಸೆಟ್ಟಿಂಗ್ಸಿನಲ್ಲಿ ಬೀಟಾ ಎಂಬ ಹಣೆಪಟ್ಟಿಯ ಒಂದು ಚೌಕವಿದೆ. ಅದಕ್ಕೆ ಟಿಕ್ ಹಾಕಿದರೆ ಇಡೀ ಕಂಪ್ಯೂಟರಿನ ಕೋಡ್ ಪೇಜ್ 65001, ಅಂದರೆ ಯುಟಿಎಫ್-8 ಆಗುತ್ತದೆ. ಬೇರೆ ಕಡೆಯಾದರೆ ಹಾಕಿ ನೋಡುತ್ತಿದ್ದೆನೇನೋ. ಮುದ್ರಣಾಲಯದಲ್ಲಿ ಕೈ ಹಿಂಜರಿಯಿತು. ಅಲ್ಲಿ ಹಳೆಯ ಪುಸ್ತಕಗಳೆಲ್ಲ ಯೂನಿಕೋಡ್ ಬರುವ ಮುಂಚಿನ ಕನ್ನಡ ಫಾಂಟುಗಳಲ್ಲಿವೆ. ಆ ಫಾಂಟುಗಳು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದಂಥವು. 1252 ಹೋದರೆ ಮನೆಯೇ ಹೋಯಿತು. ವರ್ಷಗಳ ಪುಟವಿನ್ಯಾಸವನ್ನು ಪಣಕ್ಕಿಟ್ಟು ಚಿಕ್ಕ ಚಿತ್ರ ಪಡೆಯುವ ಅಗತ್ಯವಿರಲಿಲ್ಲ. ಸಿಗ್ವಿನ್ನಿನ ಸೆಟಪ್ಪಿನಿಂದ ಅದರದೇ ಇಮೇಜ್‌ಮ್ಯಾಜಿಕ್ ಹಾಕಿಕೊಂಡು, ಹಳೆಯ ಸಾಲನ್ನು ಮರಳಿ ತಂದೆ. ಪಾತ್ ಈಗ ಸರಿಯಿದ್ದುದರಿಂದ ಡಿಸ್ಕಿನ ಕನ್ವರ್ಟ್ ಅಡ್ಡ ಬರಲಿಲ್ಲ. ಸಿಗ್ವಿನ್ನಿನೊಳಗೆ ಹೆಸರು ಕೊನೆಯವರೆಗೂ ಯುಟಿಎಫ್-8 ಆಗಿಯೇ ಸಾಗಿತು.

ಎರಡು ಮಾರ್ಚ್

ಹೊರಡುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿದೆ. ಅಕ್ಕೋರು ಸ್ಕ್ಯಾನ್ ಮಾಡಿದ ಸಂಚಿಕೆಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಟೈಪ್ ಮಾಡಿ ಇಡುತ್ತಿದ್ದರು. ಆ ಪಟ್ಟಿಯನ್ನೂ ಡಿಸ್ಕಿನಲ್ಲಿರುವ ಹೆಸರುಗಳನ್ನೂ ವಿಂಗಡಿಸಿ, ಎರಡು ಪಟ್ಟಿಗಳನ್ನು ಹೋಲಿಸುವ ‘ಕಾಮ್’ಗೆ ಕೊಟ್ಟೆ. ಎಲ್ಲ ಹೊಂದಿ ಬಂದು ಕೊನೆಗೆ ಎರಡು ಸಾಲು ಉಳಿದವು. ಪಟ್ಟಿಯಲ್ಲಿ ಇದ್ದು ಡಿಸ್ಕಿನಲ್ಲಿ ಇಲ್ಲದ್ದು: ಮಾರ್ಚ್ 1991. ಡಿಸ್ಕಿನಲ್ಲಿ ಇದ್ದು ಪಟ್ಟಿಯಲ್ಲಿ ಇಲ್ಲದ್ದು: ಮಾರ್ಚ್‌ 1991.

ಈ ಸಲ ಅನುಮಾನಕ್ಕೆ ಎಡೆಯಿರಲಿಲ್ಲ, ನೇರ ಬೈಟುಗಳನ್ನೇ ತೋರಿಸುವ ‘ಓಡಿ -ಸಿ’ ಆದೇಶವನ್ನು ಓಡಿಸಿದೆ. ಎರಡರಲ್ಲೂ ಕನ್ನಡದ ಬೈಟುಗಳ ಸಾಲು 340 262, 340 263 ಎಂದು ಒಂದೇ ತರಹ ಸಾಗಿ, ಕೊನೆಯ ಅರ್ಧಾಕ್ಷರದ ನಂತರ ಒಂದರಲ್ಲಿ ಮಾತ್ರ 342 200 214 ಬಂತು. ಅದು ಶೂನ್ಯ ಅಗಲದ ನಾನ್‌ಜಾಯಿನರ್, ಮುಂದಿನ ವ್ಯಂಜನ ಒತ್ತಕ್ಷರವಾಗದಂತೆ ತಡೆಯಲು ನಾವು ಹಾಕುವ ಕಾಣದ ಗುರುತು. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗಿ ಕೂರದಂತೆ ಕಾಯುವುದು ಅದೇ. ಪದದ ಕೊನೆಯಲ್ಲಿ ಅದಕ್ಕೆ ಕೆಲಸವಿಲ್ಲ, ಕಾಣುವುದೂ ಇಲ್ಲ. ಆದರೆ ಕಂಪ್ಯೂಟರಿಗೆ ಅದು ಅಕ್ಷರವೇ.

“ಅಕ್ಕಾರ, ಮಾರ್ಚ್ ಬರೆದ ಮ್ಯಾಲ ಏನರ ಒತ್ತತೀರೇನು?” ಎಂದು ಕೇಳಿದೆ.

“ಹೂಂರಿ. ಚ ಅರ್ಧ ನಿಲ್ಲಲಿ ಅಂತ ಇನ್ನೊಮ್ಮೆ ಒತ್ತತೇನಿ. ಕೈಗೆ ರೂಢಿ ಆಗಿಬಿಟ್ಟೈತಿ. ಒಮ್ಮೊಮ್ಮೆ ಮರೀತೇನಿ.”

ಮಾರ್ಚ್ ಅಷ್ಟೇ ಅಲ್ಲ, ಏಪ್ರಿಲ್, ಆಗಸ್ಟ್, ಸೆಪ್ಟೆಂಬರ್, ಎಲ್ಲಕ್ಕೂ ಇದೇ ಗತಿ ಕಾದಿತ್ತು. ಫೈಲುಗಳ ಹೆಸರು ಬದಲಿಸಲು ಹೋಗಲಿಲ್ಲ. ಹೋಲಿಸುವ ಮುಂಚೆ ಎರಡೂ ಪಟ್ಟಿಗಳಲ್ಲಿ, ಖಾಲಿ ಜಾಗ, ಅಡಿಗೆರೆ ಅಥವಾ ಚುಕ್ಕೆಯ ಹಿಂದೆ ಇರುವ ನಾನ್‌ಜಾಯಿನರನ್ನು ಮಾತ್ರ ಅಳಿಸುವ ಒಂದು ಸಾಲು ಬರೆದೆ. ಪದದ ನಡುವಿನದಕ್ಕೆ ಕೈ ಹಾಕಿದರೆ ಹೆಸರೇ ಕೆಡುತ್ತದೆ. ಮತ್ತೆ ‘ಕಾಮ್’ ಓಡಿಸಿದಾಗ ಪರದೆಯಲ್ಲಿ ಏನೂ ಬರಲಿಲ್ಲ. ಖಾಲಿ ಪರದೆಯನ್ನು ಕಂಡು ನಾನು ಮೊದಲು ಮಾಡಿದ ಕೆಲಸ ‘ಟೈಪ್ -ಎ ಕಾಮ್’ ಎಂದು ಒತ್ತಿದ್ದು. ಒಬ್ಬನೇ ಓಗೊಟ್ಟ.